ಹಂಪೆಯ ಹಾಳುಗಳೂ ಜನಸಂದಣಿಯೂ

ಹಂಪೆಯನ್ನು ನೋಡಿದ್ದೀರಾ ಎಂದು ಕೇಳಿದರೆ ನಮ್ಮ ಶಾಲೆಯ ಹುಡುಗಿಯರಲ್ಲಿ ಮುಕ್ಕಾಲು ಪಾಲು ಮಂದಿ, “ನೋಡಿದ್ದೇವೆ, ಮಿಸ್” ಎನ್ನುವರು. ಅಲ್ಲಿ ಏನನ್ನು ನೋಡಿದಿರಿ ಎಂದು ಕೇಳಿದರೆ, ಕಲ್ಲಿನ ರಥ ಎಂಬ ಒಂದೇ ಉತ್ತರವು ಬರುವುದು. ಆ ರಥದ ಚಿತ್ರವು 2017ನೆಯ ಇಸವಿಯಿಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅಚ್ಚಾಗುತ್ತಿರುವುದರಿಂದ, ತ್ಯಾಗರಾಜನಗರದ ಯಾವ ಅಂಗಡಿಯಲ್ಲಿ ಚಿಲ್ಲರೆ ಕೇಳಿದರೂ ಅದು ಕೈಗೆ ಬರುವುದು. ಅಷ್ಟು ಮಾತ್ರಕ್ಕಾಗಿ ರಾತ್ರಿಯೆಲ್ಲಾ ರೈಲಿನಲ್ಲಿ ಕುಳಿತು ಹೊಸಪೇಟೆಯವರೆಗೆ ಹೋಗಬೇಕಾದ ಕಾರಣವಿಲ್ಲ. ಹೋಗಿಯೂ ನೋಡದೆ ಬರುವುದು ಹೇಗೆ ಸಾಧ್ಯವಾಗುತ್ತದೆ, ಹಾಗಾಗದಂತೆ ಏನು ಮಾಡಬಹುದು ಎಂಬುದನ್ನು ನಾವು ಒಮ್ಮೆ ತಪ್ಪಿ ಕಲಿತೆವು. ಅದನ್ನೇ ಇಲ್ಲಿ ಬರೆಯುತ್ತೇವೆ.

ಕೆಲವು ವರ್ಷಗಳ ಹಿಂದೆ, ಒಂದು ಡಿಸೆಂಬರ್ ತಿಂಗಳಲ್ಲಿ, ಒಂಬತ್ತನೆಯ ತರಗತಿಯ 52 ಮಂದಿ ವಿದ್ಯಾರ್ಥಿನಿಯರನ್ನು ಕರೆದುಕೊಂಡು ನಾವು ಹಂಪೆಗೆ ಹೋದೆವು. ವಿರೂಪಾಕ್ಷ ದೇವಾಲಯದ ಬಾಗಿಲಿಗೆ ಬರುವಾಗ ಹೊತ್ತು ಹನ್ನೊಂದು ಘಂಟೆ ಮೀರಿದ್ದಿತು. ನಮ್ಮ ಮುಂದೆ ಒಂದು ಶಾಲೆ, ಹಿಂದೆ ಎರಡು ಶಾಲೆಗಳು. ಚರಿತ್ರೆಯ ಉಪಾಧ್ಯಾಯಿನಿಯವರು ಗಂಟಲು ಬಿಗಿದು ಹೇಳಿದ ಪಾಠವು ಮೊದಲನೆಯ ಸಾಲಿನ ಹುಡುಗಿಯರಿಗೂ ಕೇಳಿಸಲಿಲ್ಲ. ಸಾಲು ತಪ್ಪದಂತೆ ಒಬ್ಬಳ ಭುಜವನ್ನು ಒಬ್ಬಳು ಹಿಡಿದು ನಡೆಯಬೇಕೆಂದು ನಾವು ಅಪ್ಪಣೆ ಮಾಡಿದ್ದೆವು; ಮಕ್ಕಳು ಮುಂದಿನವಳ ಜಡೆಯನ್ನು ನೋಡುತ್ತ ಒಳಗೆ ಹೋಗಿ, ಅದನ್ನೇ ನೋಡುತ್ತ ಹೊರಗೆ ಬಂದರು. ಬಸ್ಸಿನ ಬಳಿ ಎಣಿಸಿದಾಗ 51 ಮಂದಿ ಮಾತ್ರ ಇದ್ದರು.

ಆಮೇಲಿನ ಇಪ್ಪತ್ತೈದು ನಿಮಿಷಗಳನ್ನು ನಾವು ಮರೆಯುವಂತಿಲ್ಲ. ಒಬ್ಬ ಉಪಾಧ್ಯಾಯಿನಿ ಹೊಳೆಯ ಕಡೆಗೆ ಓಡಿದರು; ನಾವು ದೇವಾಲಯದ ಒಳಗೆ ಓಡಿದೆವು. ಹುಡುಗಿಯು ರಂಗಮಂಟಪದ ಕಂಬವೊಂದಕ್ಕೆ ಒರಗಿ, ಕತ್ತೆತ್ತಿ ನಿಂತಿದ್ದಳು. “ಮೇಲೆ ಚಿತ್ರಗಳಿದ್ದವು, ಮಿಸ್. ನೋಡುತ್ತಾ ನಿಂತೆ. ಕೆಳಗೆ ನೋಡುವಷ್ಟರಲ್ಲಿ ನೀವು ಯಾರೂ ಇರಲಿಲ್ಲ” ಎಂದಳು. ಭಯವೆಲ್ಲಾ ಕೋಪವಾಗಿ ತಿರುಗಿತು. ಎಲ್ಲರ ಎದುರಿನಲ್ಲಿ ಅವಳನ್ನು ಗದರಿಸಿದೆವು. ಅವಳು ಅಳಲಿಲ್ಲ. ರೈಲಿನಲ್ಲಿ ಹಿಂದಿರುಗುವಾಗ, ನಾವು 52 ಮಂದಿಯನ್ನು ಯಾವ ಕೆಲಸಕ್ಕೆಂದು ಕರೆದುಕೊಂಡು ಹೋಗಿದ್ದೆವೋ ಆ ಕೆಲಸವನ್ನು ಮಾಡಿದವಳು ಅವಳೊಬ್ಬಳೇ ಎಂಬುದು ನಮ್ಮ ಮನಸ್ಸಿಗೆ ಹೊಳೆದು ನಿದ್ರೆ ಬರಲಿಲ್ಲ.

ಹಂಪೆಯಲ್ಲಿ ಜನಸಂದಣಿಯೆಂದು ದೂರುವವರು ಒಂದು ಲೆಕ್ಕವನ್ನು ಗಮನಿಸಬೇಕು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಕ್ಷೇತ್ರದ ಮುಖ್ಯಭಾಗವು ಸುಮಾರು 42 ಚದರ ಕಿಲೋಮೀಟರುಗಳಷ್ಟು ಹರಡಿಕೊಂಡಿದೆ. ದೇವಾಲಯ, ಮಂಟಪ, ಕೋಟೆ, ಕೊಳ, ಕಾಲುವೆ ಮೊದಲಾದ ಅವಶೇಷಗಳು 1600ಕ್ಕೂ ಮಿಕ್ಕಿ ಉಳಿದಿವೆ. ಯಾತ್ರಿಕರಾದರೋ ವಿರೂಪಾಕ್ಷ, ಗಣೇಶನ ಎರಡು ವಿಗ್ರಹಗಳು, ಉಗ್ರನರಸಿಂಹ, ಕಮಲ ಮಹಲು, ಗಜಶಾಲೆ, ವಿಜಯವಿಠ್ಠಲ ಇಷ್ಟನ್ನು ಮಾತ್ರ ನೋಡುವರು. ಅದನ್ನೂ ಹೆಚ್ಚುಕಡಮೆ ಇದೇ ಕ್ರಮದಲ್ಲಿ, ಇದೇ ಹೊತ್ತಿನಲ್ಲಿ ನೋಡುವರು. ಬೆಳಿಗ್ಗೆ ಹತ್ತರ ಮೇಲೆ ಹೊಳೆಯ ಬದಿಯ ದೇವಾಲಯಗಳಲ್ಲಿ ತುಂಬುವ ಜನವು ಊಟದ ಹೊತ್ತಿಗೆ ಅರಮನೆಯ ಪ್ರದೇಶಕ್ಕೆ ಹೋಗಿ, ಸಾಯಂಕಾಲಕ್ಕೆ ಕಲ್ಲಿನ ರಥದ ಮುಂದೆ ನಿಲ್ಲುವುದು. ಜನಸಂದಣಿಯು ಹಂಪೆಯನ್ನೆಲ್ಲಾ ಆವರಿಸಿಲ್ಲ. ಅದು ಕಾಲುವೆಯ ನೀರಿನಂತೆ ಒಂದೇ ಜಾಡಿನಲ್ಲಿ ಹರಿಯುತ್ತಿದೆ. ಡಿಸೆಂಬರ್ ತಿಂಗಳಲ್ಲಿ ಆ ಜಾಡನ್ನು ತುಂಬುವವರು ಯಾರೆಂದು ವಿಚಾರಿಸಿದರೆ, ನಮ್ಮಂತೆಯೇ ವಿಹಾರಕ್ಕೆ ಹೊರಟ ಶಾಲೆಗಳವರು. ಆ ದಿನ ನಾವು ದೂರುತ್ತಿದ್ದ ಸಂದಣಿಯಲ್ಲಿ 52 ತಲೆಗಳು ನಮ್ಮವೇ ಆಗಿದ್ದವು.

ಸಂದಣಿಯು ಹಂಪೆಗೆ ಹೊಸದೂ ಅಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿನಲ್ಲಿ, ಈ ಪಟ್ಟಣವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಎಂಬವನು, ಒಂದು ಬೆಟ್ಟದ ಮೇಲಿನಿಂದ ನೋಡಿದರೆ ಊರು ರೋಮಿನಷ್ಟೇ ದೊಡ್ಡದಾಗಿ ತೋರಿತೆಂದು ಬರೆದಿದ್ದಾನೆ. ನಮಗೆ ಅದಕ್ಕಿಂತ ಮಿಗಿಲಾಗಿ ಹಿಡಿಸಿದ ಮಾತು ಬೇರೊಂದಿದೆ. ಪೇಟೆಬೀದಿಗಳಲ್ಲಿ ಹೇರು ಹೊತ್ತ ಎತ್ತುಗಳು ಲೆಕ್ಕವಿಲ್ಲದಷ್ಟಿದ್ದು, ಅವು ದಾಟಿ ಹೋಗುವವರೆಗೆ ಕಾಯಬೇಕು, ಇಲ್ಲವಾದರೆ ಬೇರೆ ಬೀದಿಯನ್ನು ಹಿಡಿದು ಹೋಗಬೇಕು ಎಂದು ಅವನು ಹೇಳುತ್ತಾನೆ. ಐನೂರು ವರ್ಷಗಳ ಹಿಂದಿನ ಈ ಪರದೇಶಿಗೆ ತೋರಿದ ಉಪಾಯಗಳು ಎರಡೇ: ಕಾಯುವುದು, ಇಲ್ಲವೇ ಬೇರೆ ಬೀದಿಯನ್ನು ಹಿಡಿಯುವುದು. ಇವುಗಳಿಗಿಂತ ಉತ್ತಮವಾದ ಮೂರನೆಯದನ್ನು ನಾವೂ ಕಂಡುಹಿಡಿದಿಲ್ಲ.

ನಮ್ಮ ಸತ್ಯವೇದದಲ್ಲಿ ನೆಹೆಮಿಯನ ವೃತ್ತಾಂತವನ್ನು ಓದಿದವರು ಬಲ್ಲರು. ಪಾಳುಬಿದ್ದ ಯೆರೂಸಲೇಮಿನ ಗೋಡೆಗಳನ್ನು ನೋಡಬೇಕಾದಾಗ ಅವನು ಕೆಲವೇ ಮಂದಿಯನ್ನು ಕರೆದುಕೊಂಡು, ರಾತ್ರಿಯಲ್ಲಿ, ಯಾರಿಗೂ ಹೇಳದೆ ಹೊರಟನು. ಹೆಣ್ಣುಮಕ್ಕಳನ್ನು ಕರೆದೊಯ್ಯುವವರು ರಾತ್ರಿಯಲ್ಲಿ ಹೊರಡುವಂತಿಲ್ಲ. ಯಾರಿಗೂ ಹೇಳದೆ ಹೊರಟರೆ ತಾಯಿತಂದೆಗಳು ನಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಕೆಲವೇ ಮಂದಿ ಎಂಬ ಅವನ ನಿಯಮವನ್ನು ಮಾತ್ರ ನಾವು ಎತ್ತಿಕೊಂಡೆವು. ಎರಡನೆಯ ಬಾರಿ 26 ಮಂದಿಯೇ ಹೊರಟರು. ಉಳಿದ ವಿಭಾಗದವರಿಗೆ ಬೇರೊಂದು ವಾರವೆಂದು ಗೊತ್ತುಮಾಡಿದೆವು. ಖರ್ಚು ಸ್ವಲ್ಪ ಹೆಚ್ಚಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಕಾಲವನ್ನು ಆರಿಸುವುದರಲ್ಲಿಯೂ ಯೋಚನೆ ಬೇಕಾಯಿತು. ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಹವೆಯು ಹಿತ, ಜನವು ವಿಪರೀತ. ಏಪ್ರಿಲ್ ಮೇ ತಿಂಗಳುಗಳಲ್ಲಿ ಜನವಿಲ್ಲ, ಆದರೆ ಆ ಬಂಡೆಗಳ ಕಾವಿನಲ್ಲಿ ಮಕ್ಕಳನ್ನು ನಡೆಸುವುದು ಕೂಡದು. ಆದುದರಿಂದ ಆಗಸ್ಟ್ ತಿಂಗಳಲ್ಲಿ, ಸ್ವಾತಂತ್ರ್ಯದಿನವು ಕಳೆದು ಗಣೇಶನ ಹಬ್ಬವು ಬರುವುದಕ್ಕೆ ಮೊದಲು ಹೊರಟೆವು. ಬಳ್ಳಾರಿ, ಹೊಸಪೇಟೆಗಳ ಸೀಮೆಯು ಮಳೆ ಕಡಮೆಯಾದ ಸೀಮೆ. ಆ ತಿಂಗಳಲ್ಲಿ ಮೋಡ ಮುಸುಕಿ, ಬಂಡೆಗಳ ಸಂದುಗಳಲ್ಲಿ ಹುಲ್ಲು ಹಸುರಾಗಿ, ನಡೆಯುವುದಕ್ಕೆ ತಂಪಾಗಿರುವುದು. ಭಾನುವಾರವು ದೇವಾರಾಧನೆಯ ದಿನವಾದುದರಿಂದ ಅಂದು ಪ್ರಯಾಣ ಮಾಡುವುದು ನಮ್ಮಲ್ಲಿ ರೂಢಿಯಿಲ್ಲ; ಮಂಗಳವಾರ ರಾತ್ರಿ ಹೊರಟು ಶನಿವಾರ ಬೆಳಿಗ್ಗೆ ಹಿಂದಿರುಗುವಂತೆ ಏರ್ಪಡಿಸಿದೆವು. ಸಭೆಯ ಪದ್ಧತಿಯೇ ಇಲ್ಲಿ ನಮಗೆ ಉಪಕಾರ ಮಾಡಿತು, ಏಕೆಂದರೆ ಹಂಪೆಯಲ್ಲಿ ಹೆಚ್ಚು ಜನ ಸೇರುವುದು ಶನಿವಾರ ಭಾನುವಾರಗಳಲ್ಲಿಯೇ.

ಹೊರಡುವುದಕ್ಕೆ ಮೊದಲು ಒಂದು ಶನಿವಾರ ಮಕ್ಕಳನ್ನು ಗವಿಪುರಕ್ಕೂ ದೊಡ್ಡಬಸವಣ್ಣನ ಗುಡಿಗೂ ನಡೆಸಿಕೊಂಡು ಹೋದೆವು. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡನು ವಿಜಯನಗರದ ಅರಸರಿಗೆ ಅಧೀನನಾದ ಪ್ರಭು. ನಮ್ಮ ಬಸವನಗುಡಿಯ ಬಂಡೆಗಳ ನಡುವೆ ಇರುವ ಈ ಗುಡಿಗಳು ಅವನ ಹೆಸರಿನೊಡನೆಯೇ ಸೇರಿಬಂದಿವೆ. ಕಂಬಗಳ ಅಂಗವಿಭಾಗ, ಕಲ್ಲನ್ನು ಸೀಳುವಾಗ ಉಳಿಯುವ ಬೆಣೆಯ ಗುರುತುಗಳು ಇವುಗಳನ್ನು ಮನೆಯ ಬಳಿಯಲ್ಲಿಯೇ ಕಲಿತ ಕಣ್ಣಿಗೆ ಹಂಪೆಯು ಪೂರ್ತಿ ಅಪರಿಚಿತವಾಗಿ ತೋರುವುದಿಲ್ಲ. ಕಾರ್ತಿಕಮಾಸದ ಕಡಲೆಕಾಯಿ ಪರಿಷೆಯ ದಿನ ಇದೇ ಬೀದಿಯಲ್ಲಿ ಕಾಲಿಡಲು ಸ್ಥಳವಿರುವುದಿಲ್ಲವೆಂಬುದನ್ನು ಹುಡುಗಿಯರೇ ಜ್ಞಾಪಿಸಿದರು. “ಪರಿಷೆಗೆ ಜನ ಇರದಿದ್ದರೆ ಯಾರು ಹೋಗುತ್ತಾರೆ, ಮಿಸ್?” ಎಂದು ಒಬ್ಬಳು ಕೇಳಿದಳು. ಪ್ರಶ್ನೆಯು ಸರಿಯಾದುದೇ. ನಾವು ಆಗ ಉತ್ತರ ಕೊಡಲಿಲ್ಲ.

ಮೊದಲನೆಯ ದಿನ, ಎಲ್ಲರೂ ವಿರೂಪಾಕ್ಷನ ಕಡೆಗೆ ಹೋಗುವ ಹೊತ್ತಿನಲ್ಲಿ, ನಾವು ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ಕುಳಿತಿದ್ದೆವು. (ಶುಕ್ರವಾರ ಅದಕ್ಕೆ ರಜೆ.) ಅಲ್ಲಿನ ಅಂಗಳದಲ್ಲಿ ಹಂಪೆಯ ಬೆಟ್ಟ, ಹೊಳೆ, ಗುಡಿಗಳನ್ನೆಲ್ಲಾ ಚಿಕ್ಕದಾಗಿ ಮಾಡಿಟ್ಟಿದ್ದಾರೆ. ಅದರ ಸುತ್ತಲೂ ನಿಂತು ಹುಡುಗಿಯರು ಮೂರು ದಿನಗಳ ದಾರಿಯನ್ನು ಬೆರಳಿನಿಂದ ಗುರುತಿಸಿಕೊಂಡರು. ಅಲ್ಲಿಂದ ಮುಂದೆ ಪಟ್ಟಾಭಿರಾಮ ದೇವಾಲಯ. ವಿಠ್ಠಲನ ಗುಡಿಗೆ ಸರಿಮಿಗಿಲೆನ್ನಬಹುದಾದ ವಿಶಾಲವಾದ ಪ್ರಾಕಾರ, ಸಾಲುಸಾಲಾಗಿ ಕಂಬಗಳು. ಮಧ್ಯಾಹ್ನದ ಹೊತ್ತಿನಲ್ಲಿ ನಮ್ಮನ್ನು ಬಿಟ್ಟರೆ ಅಲ್ಲಿ ಇದ್ದವರು ಕಾವಲುಗಾರನೊಬ್ಬನೇ. ದಾರಿಯ ಮಗ್ಗುಲಿನ ಗಾಣಗಿತ್ತಿ ಬಸದಿಯ ಮುಂದೆ ಕಾಲು ಘಂಟೆ ನಿಂತೆವು. 1385ರಲ್ಲಿ ಇರುಗ ದಂಡನಾಯಕನೆಂಬ ಜೈನನು ಕಟ್ಟಿಸಿದುದೆಂದು ಎದುರಿನ ದೀಪಸ್ತಂಭದ ಶಾಸನವು ತಿಳಿಸುತ್ತದೆ.

ಹಜಾರ ರಾಮಸ್ವಾಮಿಯ ಗುಡಿಗೆ ಬಂದಾಗ ಸಂಜೆ ನಾಲ್ಕು ಘಂಟೆ. ಜನವೆಲ್ಲಾ ಕಲ್ಲಿನ ರಥದ ಕಡೆಗೆ ತಿರುಗಿದ್ದಿತು. ಒಳಗೆ ರಾಮಾಯಣದ ಕಥೆಯನ್ನು ಕೆತ್ತಿದ ಗೋಡೆಗಳಿರುವುದು ಸರ್ವವಿದಿತ; ನಾವು ಮಕ್ಕಳನ್ನು ನಿಲ್ಲಿಸಿದುದು ಪ್ರಾಕಾರದ ಹೊರಗೋಡೆಯ ಮುಂದೆ. ಅಲ್ಲಿ ಒಂದರ ಮೇಲೊಂದು ಸಾಲುಗಳಾಗಿ ಆನೆಗಳು, ಕುದುರೆಗಳು, ಕಾಲಾಳುಗಳು, ಕುಣಿಯುವ ಹೆಂಗಸರು ಹೋಗುತ್ತಲೇ ಇದ್ದಾರೆ. ಮಹಾನವಮಿಯ ಉತ್ಸವದಲ್ಲಿ ನಡೆಯುತ್ತಿದ್ದ ಮೆರವಣಿಗೆಯನ್ನು ಇದರಲ್ಲಿ ಕಾಣುವರು ಪಂಡಿತರು. ಗದ್ದಲವಿಲ್ಲದ ಆ ಸಂಜೆಯಲ್ಲಿ ಗೋಡೆಯ ಉದ್ದಕ್ಕೂ ನಡೆದಾಗ, ಪರಿಷೆಯ ಪ್ರಶ್ನೆಯನ್ನು ಕೇಳಿದ ಹುಡುಗಿಗೆ ಉತ್ತರವು ಎದುರಿನಲ್ಲಿಯೇ ಇದ್ದಿತು. ಈ ಊರು ಮೌನಕ್ಕಾಗಿ ಕಟ್ಟಿದುದಲ್ಲ, ಜನರಿಗಾಗಿ ಕಟ್ಟಿದುದು. ಶಿಲ್ಪಿಗಳು ತಮ್ಮ ಊರಿನ ಗೌರವವೆಂದು ಕೆತ್ತಿದುದು ಜನಸಂದಣಿಯನ್ನೇ. ಮೌನವು ಬಂದುದು 1565ರ ಜನವರಿಯ ಯುದ್ಧದ ತರುವಾಯ, ಬೆಂಕಿಯೊಡನೆ. ಈ ಮಾತನ್ನು ಹೇಳುವಾಗ ನಮಗೆ ಸ್ವಲ್ಪ ಸಂಕೋಚವಾಯಿತು: ಆ ದಿನವೆಲ್ಲಾ ನಾವು ಅನುಭವಿಸಿದ ಏಕಾಂತವು ಒಂದು ಪಟ್ಟಣದ ನಾಶದಿಂದ ದೊರೆತುದು.

ಎರಡನೆಯ ದಿನ ನಸುಕಿನಲ್ಲಿ ಎದ್ದು, ಪ್ರಾರ್ಥನೆ ಮಾಡಿಕೊಂಡು, ತಳವಾರಘಟ್ಟದ ದಾರಿಯಿಂದ ವಿಜಯವಿಠ್ಠಲನ ಗುಡಿಗೆ ಹೊರಟೆವು. ವಾಹನಗಳನ್ನು ಗುಡಿಗೆ ಒಂದು ಕಿಲೋಮೀಟರು ದೂರದಲ್ಲಿಯೇ ನಿಲ್ಲಿಸಬೇಕು. ಅಲ್ಲಿಂದ ಮುಂದೆ ವಿದ್ಯುಚ್ಛಕ್ತಿಯ ಚಿಕ್ಕ ಬಂಡಿಗಳಿವೆ. ಸಂಜೆಯ ಹೊತ್ತು ಜನರು ಕಾಯುವುದು ಈ ಬಂಡಿಗಳಿಗಾಗಿಯೇ ಹೆಚ್ಚು. ನಾವು ಹಳೆಯ ಪೇಟೆಬೀದಿಯ ಕಂಬಸಾಲುಗಳ ನಡುವೆ ನಡೆದೇ ಹೋದೆವು. ಬಾಗಿಲು ತೆರೆದಾಗ ಒಳಗೆ ಹೋದವರು ನಾವೇ ಮೊದಲಿಗರು.

ಯಾರ ತಲೆಯೂ ಅಡ್ಡವಿಲ್ಲದೆ ಆ ರಥದ ಸುತ್ತಲೂ ಬರುವುದೇ ಒಂದು ಪಾಠ. ಅದು ಏಕಶಿಲೆಯಂತೆ ತೋರುವುದು, ಆದರೆ ಏಕಶಿಲೆಯಲ್ಲ. ಬೇರೆಬೇರೆ ಕಲ್ಲುಗಳನ್ನು ಕೆತ್ತನೆಯ ಗೆರೆಗಳಲ್ಲಿಯೇ ಕೂಡಿಸಿದ್ದಾರೆ. ಮುಂದೆ ಆನೆಗಳಿವೆಯಷ್ಟೆ. ಅವುಗಳ ಹಿಂದೆ ಬಗ್ಗಿ ನೋಡಿದ ಹುಡುಗಿಯೊಬ್ಬಳು, “ಇಲ್ಲಿ ಬೇರೆ ಯಾವುದೋ ಪ್ರಾಣಿಯ ಕಾಲಿದೆ” ಎಂದು ಕೂಗಿದಳು. ಅದು ನಿಜ. ಮೊದಲು ರಥಕ್ಕೆ ಕುದುರೆಗಳನ್ನು ಕೆತ್ತಿದ್ದರು. ಅವುಗಳ ಹಿಂಗಾಲು ಬಾಲಗಳ ಗುರುತು ಉಳಿದಿದೆ. ಆನೆಗಳನ್ನು ಅನಂತರ ತಂದಿಟ್ಟಿದ್ದಾರೆ. 1856ರಲ್ಲಿ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೂ ಕಾಣುವುದು, ಈಗ ಅದಿಲ್ಲ. ಮಹಾಮಂಟಪದ ಸಂಗೀತದ ಕಂಬಗಳನ್ನು ಬಡಿಯುವುದಕ್ಕೆ ಈಗ ಅವಕಾಶವಿಲ್ಲ, ಇರಲೂ ಕೂಡದು. ಎಷ್ಟು ಮಂದಿ ತಟ್ಟಿದರೆ ಒಂದು ಕಲ್ಲು ಸವೆಯುವುದೆಂದು ಗಣಿತದ ಉಪಾಧ್ಯಾಯಿನಿಯವರನ್ನು ಕೇಳಿದ ಹುಡುಗಿಗೆ ಅವರು ಉತ್ತರ ಹೇಳಲಾರದೆ ಹೋದರು.

ಅಲ್ಲಿಂದ ಹೊಳೆಯ ಮಗ್ಗುಲಿನ ದಾರಿಯಲ್ಲಿ ಪಶ್ಚಿಮಕ್ಕೆ ಕಾಲ್ನಡಿಗೆ. ನೀರು ಹೆಚ್ಚಿದ್ದುದರಿಂದ ಯಾರನ್ನೂ ದಡಕ್ಕೆ ಇಳಿಯಗೊಡಲಿಲ್ಲ. ಪುರಂದರ ಮಂಟಪವನ್ನು ದೂರದಿಂದಲೇ ತೋರಿಸಿದೆವು. ಮತಂಗಪರ್ವತದ ಬುಡದಲ್ಲಿರುವ ಅಚ್ಯುತರಾಯನ ಗುಡಿಯು 1534ರದು. ಇಲ್ಲಿಗೆ ಮೋಟಾರು ದಾರಿಯಿಲ್ಲದುದರಿಂದ, ಹಂಪೆಗೆ ಬರುವವರಲ್ಲಿ ಬಹುಮಂದಿ ಇದನ್ನು ಕಾಣುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇದಕ್ಕಿಂತ ಸೊಗಸಾದ ತಾಣವು ಇಡೀ ಹಂಪೆಯಲ್ಲಿಲ್ಲ. ಗುಡಿಯ ಮುಂದಿನ ನೀಳವಾದ ಪೇಟೆಬೀದಿಯನ್ನು ಜನರು ಸೂಳೆಬಜಾರು ಎಂದು ಕರೆಯುವರು. ಹೆಸರಿನ ಅರ್ಥವನ್ನು ಹುಡುಗಿಯರು ಕೇಳಿದರು. ಕಿರಿಯ ಉಪಾಧ್ಯಾಯಿನಿಯವರು ನಮ್ಮ ಮುಖವನ್ನು ನೋಡಿದರು. ಕೇಳಿದ ಪ್ರಶ್ನೆಗೆ ಸುಳ್ಳು ಹೇಳಕೂಡದೆಂಬುದು ನಮ್ಮ ಶಾಲೆಯ ಹಳೆಯ ಪದ್ಧತಿ. ಆದಕಾರಣ ಇದ್ದುದನ್ನು ಇದ್ದಂತೆಯೇ ಹೇಳಿ, ಹಾಡು ಕುಣಿತಗಳನ್ನು ಬಲ್ಲ ಹೆಂಗಸರಿಗೆ ಆ ಕಾಲದ ಗೌರವವೂ ಇದ್ದಿತು, ಕಷ್ಟವೂ ಇದ್ದಿತು ಎಂದು ತಿಳಿಸಿದೆವು. ಹಿಂದಿನ ದಿನ ಗೋಡೆಯ ಮೇಲೆ ಕುಣಿಯುತ್ತಿದ್ದವರನ್ನು ಕಂಡಿದ್ದ ಮಕ್ಕಳು ಬಹಳ ಹೊತ್ತು ಮಾತಿಲ್ಲದೆ ನಡೆದರು. ನೂಕುನುಗ್ಗಲಿನ ನಡುವೆ ಈ ಪ್ರಶ್ನೆಯು ಹುಟ್ಟುತ್ತಿರಲಿಲ್ಲ. ಹುಟ್ಟಿದ್ದರೂ ನಾವು ಕೇಳಿಸಲಿಲ್ಲವೆಂದು ಮುಂದೆ ನಡೆಯುತ್ತಿದ್ದೆವೇನೋ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಬರೆಯಬೇಕು. ಸಂದಣಿಯಿಲ್ಲದ ತಾಣ ಬೇರೆ, ನಿರ್ಜನವಾದ ತಾಣ ಬೇರೆ. ಹೆಣ್ಣುಮಕ್ಕಳೊಡನೆ ಹೋಗುವವರು ಈ ಭೇದವನ್ನು ಒಂದು ಕ್ಷಣವೂ ಮರೆಯಕೂಡದು. ಸ್ಥಳವನ್ನು ಬಲ್ಲ, ಸರ್ಕಾರದ ಪರವಾನಗಿಯುಳ್ಳ ಮಾರ್ಗದರ್ಶಕನೊಬ್ಬನು ನಮ್ಮೊಡನೆ ಯಾವಾಗಲೂ ಇದ್ದನು. ಇಬ್ಬಿಬ್ಬರು ಹುಡುಗಿಯರನ್ನು ಜೋಡಿ ಮಾಡಿ, ಒಬ್ಬಳಿಗೆ ಮತ್ತೊಬ್ಬಳು ಹೊಣೆಯೆಂದು ವಿಧಿಸಿದ್ದೆವು. ಸೂರ್ಯನು ಮುಳುಗುವುದಕ್ಕೆ ಅರ್ಧ ಘಂಟೆ ಮುಂಚೆ ಎಲ್ಲರೂ ಬಸ್ಸಿನಲ್ಲಿರುತ್ತಿದ್ದರು. ಮತಂಗಪರ್ವತದ ಮೇಲಿಂದ ಸೂರ್ಯೋದಯವನ್ನು ನೋಡಬೇಕೆಂಬ ಮಕ್ಕಳ ಬೇಡಿಕೆಯನ್ನು ಇದೇ ಕಾರಣದಿಂದ ನಿರಾಕರಿಸಿದೆವು. ಅವರ ಬೇಸರವನ್ನು ಸಹಿಸಿಕೊಂಡೆವು. ನಿರ್ಜನತೆಯು ಕಲ್ಲುಗಳಿಗೂ ಕ್ಷೇಮವಲ್ಲ. 2019ರಲ್ಲಿ ಕೆಲವು ತರುಣರು ಗಜಶಾಲೆಯ ಬಳಿಯ ವಿಷ್ಣು ದೇವಾಲಯದ ಆವರಣದಲ್ಲಿ ಕಂಬವೊಂದನ್ನು ದೂಡಿ ಕೆಡಹಿದುದು, ನ್ಯಾಯಾಲಯವು ಅವರಿಗೆ ತಲಾ 70,000 ರೂಪಾಯಿ ದಂಡ ವಿಧಿಸಿ ಅವರ ಕೈಯಿಂದಲೇ ಕಂಬವನ್ನು ಮರಳಿ ನಿಲ್ಲಿಸಿದುದು ಪತ್ರಿಕೆಗಳಲ್ಲಿ ಬಂದಿತ್ತು. ಜನರಿದ್ದೆಡೆಯಲ್ಲಿ ಅವರಿಗೆ ಆ ಧೈರ್ಯ ಬರುತ್ತಿರಲಿಲ್ಲ. ಬೇರೆ ಬೀದಿಯನ್ನು ಹಿಡಿಯುವವರ ಮೇಲೆ ಆ ಬೀದಿಯ ಕಾವಲೂ ಬೀಳುವುದು.

ಹೊರದೇಶಗಳಲ್ಲಿ ಸಂದಣಿಯನ್ನು ಲೆಕ್ಕದಿಂದ ತಡೆಯುತ್ತಿದ್ದಾರೆ. ಇಟಲಿಯ ಪೊಂಪೇಯಿ ನಗರದ ಹಾಳುಗಳಿಗೆ 2024ರ ನವೆಂಬರಿನಿಂದ ದಿನಕ್ಕೆ 20,000 ಮಂದಿಗಿಂತ ಹೆಚ್ಚು ಜನರನ್ನು ಬಿಡುವುದಿಲ್ಲ. ನಮ್ಮ ದೇಶದ ತಾಜಮಹಲಿನಲ್ಲಿಯೂ 2018ರಲ್ಲಿ ಒಂದು ಚೀಟಿಗೆ ಮೂರು ಘಂಟೆಯ ಅವಧಿ ಎಂಬ ನಿಯಮವು ಬಂದಿತು. ವಿರೂಪಾಕ್ಷನ ಗುಡಿಗೆ ಇಂಥ ನಿಯಮವು ಸಲ್ಲಲಾರದು, ಅದು ಹಾಳಲ್ಲ. ಊರು ಬಿದ್ದ ಮೇಲೆಯೂ ಪೂಜೆ ನಡೆಯುತ್ತಲೇ ಬಂದ ಸ್ಥಾನವದು. ಅಲ್ಲಿ ಬರುವ ಭಕ್ತರು ನಮ್ಮ ನೋಟಕ್ಕೆ ಅಡ್ಡಬರುವ ಸಂದಣಿಯಲ್ಲ. ಅವರ ಪ್ರಾರ್ಥನೆಗೆ ಅಡ್ಡಬರುವವರು ನಾವು. ನಾವು ಬೇರೆ ಮತದವರಾದುದರಿಂದ ಈ ಮಾತನ್ನು ಮಕ್ಕಳಿಗೆ ಎರಡು ಸಲ ಹೇಳಿದೆವು.

ಆದುದರಿಂದ ಮೂರನೆಯ ದಿನ ಬೆಳಿಗ್ಗೆ, ಪ್ರವಾಸಿಗಳು ಏಳುವುದಕ್ಕೆ ಮುಂಚೆ ಅಲ್ಲಿಗೆ ಹೋದೆವು. ಸ್ಥಳದ ಹೆಂಗಸರು ಹೂವು ಹಣ್ಣುಗಳ ತಟ್ಟೆ ಹಿಡಿದು ಬರುತ್ತಿದ್ದರು. ನಾವು ಅವರ ದಾರಿಯನ್ನು ಬಿಟ್ಟು, 1510ರಲ್ಲಿ ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ನೆನಪಿಗಾಗಿ ಕಟ್ಟಿಸಿದ ರಂಗಮಂಟಪದಲ್ಲಿ, ಒಂದು ಬದಿಗೆ, ನೆಲದ ಮೇಲೆ ಕುಳಿತುಕೊಂಡೆವು. ಪಾಠವನ್ನು ಹೇಳಬಾರದೆಂದು ಚರಿತ್ರೆಯ ಉಪಾಧ್ಯಾಯಿನಿಯವರಿಗೆ ಮೊದಲೇ ತಿಳಿಸಿದ್ದೆವು. ಅವರಿಗೆ ಅದು ಸುಲಭವಾಗಿರಲಿಲ್ಲ. ಇಪ್ಪತ್ತು ನಿಮಿಷ 26 ಮಂದಿಯೂ ಛಾವಣಿಯನ್ನು ನೋಡಿದರು. ಪಲ್ಲಕ್ಕಿಯಲ್ಲಿ ಕುಳಿತು ಪರಿವಾರದೊಡನೆ ಹೋಗುವ ವಿದ್ಯಾರಣ್ಯರು, ಮತ್ಸ್ಯಯಂತ್ರವನ್ನು ಹೊಡೆಯುವ ಅರ್ಜುನ, ಗಿರಿಜೆಯ ಮದುವೆ, ಇವೆಲ್ಲವನ್ನೂ ಅವರೇ ಒಂದೊಂದಾಗಿ ಗುರುತಿಸಿ ಒಬ್ಬರಿಗೊಬ್ಬರು ಪಿಸುಗುಟ್ಟಿದರು. ಹಿಂದಿನ ಬಾರಿ ತಪ್ಪಿಸಿಕೊಂಡಿದ್ದ ಹುಡುಗಿಯು ಆ ವೇಳೆಗೆ ನಮ್ಮ ಶಾಲೆಯನ್ನು ಬಿಟ್ಟು ಪದವಿಪೂರ್ವ ತರಗತಿಗೆ ಸೇರಿದ್ದಳು. ಹೊರಡುವ ಮುನ್ನ ಅವಳ ಮನೆಗೆ ಹೋಗಿ, ಅಂದು ಗದರಿಸಿದುದಕ್ಕೆ ನಮ್ಮ ವ್ಯಸನವನ್ನು ತಿಳಿಸಿ, ಯಾವ ಕಂಬದ ಬಳಿ ನಿಂತಿದ್ದೆಯೆಂದು ಕೇಳಿದೆವು. ಅವಳು ನಮ್ಮ ಟಿಪ್ಪಣಿಪುಸ್ತಕದಲ್ಲಿ ಮಂಟಪದ ನಕ್ಷೆಯನ್ನು ಬರೆದು ಒಂದು ಚುಕ್ಕಿಯನ್ನಿಟ್ಟಳು. ಬಾಗಿಲಿನಿಂದ ಎಣಿಸಿಕೊಂಡು ಹೋಗಿ ನಾವೂ ಆ ಕಂಬಕ್ಕೆ ಒರಗಿ ನಿಂತೆವು.